ಮೀನಿನ ಜೊತೆ ಊರು ಬದಲಿಸುವವರೇ, ಕಲ್ಲು ಒಣಗಲು ಬಿಡಬೇಡಿ

ನಮ್ಮ ಮೀನುಗಳು ದಾರಿಯಲ್ಲಿ ಸಾಯಲಿಲ್ಲ. ಮಂಗಳೂರಿನಿಂದ ಬಾಗಲಕೋಟೆಗೆ 450 ಕಿ.ಮೀ.ಗೂ ಜಾಸ್ತಿ. ಅರಬೈಲು ಘಟ್ಟದ ತಿರುವುಗಳನ್ನು, ನರಗುಂದದಾಚೆಯ ಬಿಸಿಲನ್ನು ದಾಟಿ ಎಲ್ಲವೂ ಜೀವಂತ ಬಂದವು. ಸತ್ತದ್ದು ಮನೆಗೆ ಬಂದ ಮೇಲೆ. ದಾರಿಯ ಬಗ್ಗೆ ಎಲ್ಲರೂ ಹೆದರಿಸಿದ್ದರು. ತಲುಪಿದ ಮೇಲಿನ ಎರಡು ದಿನಗಳ ಬಗ್ಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ನಾಲ್ಕು ಅಡಿ ಉದ್ದದ, 250 ಲೀಟರಿನ ಹತ್ತಿರದ ಉಪ್ಪುನೀರಿನ ಟ್ಯಾಂಕ್. ನಾಲ್ಕು ವರ್ಷ ಸಾಕಿದ ಎರಡು ಕ್ಲೌನ್ ಮೀನು, ಒಂದು ನೀಲಿ ಡ್ಯಾಮ್ಸೆಲ್, ಮರಳಿನಲ್ಲಿ ಗುಂಡಿ ತೋಡಿಕೊಂಡು ಇರುತ್ತಿದ್ದ ಒಂದು ಗೋಬಿ, ಒಂದು ಸೀಗಡಿ. ಹವಳಗಳಲ್ಲಿ ಲೆದರ್, ಮಶ್ರೂಮ್, ಜೊವಾಂತಿಡ್. ಮೂರೂ ಮೆತ್ತನೆಯ ಜಾತಿ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿವೆ, ಅವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಕಲ್ಲುಗಳು ಕೂಡ ಸಮುದ್ರದಿಂದ ತೆಗೆದವಲ್ಲ, ಸಿರಾಮಿಕ್‌ನಲ್ಲಿ ಮಾಡಿದವು. ಆದರೆ ನಾಲ್ಕು ವರ್ಷದಲ್ಲಿ ಅವುಗಳ ಸಣ್ಣ ಸಣ್ಣ ತೂತುಗಳಲ್ಲೆಲ್ಲ ಜೀವ ತುಂಬಿಕೊಂಡಿತ್ತು.

ಈ ಕಲ್ಲಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಮೀನು ಬಿಡುವ ಹೊಲಸಿನಿಂದ ಅಮೋನಿಯಾ ಆಗುತ್ತದೆ. ಅದು ವಿಷ. ಅದನ್ನು ತಿಂದು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇರುವುದು ಕಲ್ಲಿನಲ್ಲಿ, ಮರಳಿನಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ. ನೀರಿನಲ್ಲಿ ಇರುವುದು ತೀರಾ ಕಮ್ಮಿ. ನಾನು ಇದನ್ನು ಓದಿದ್ದೆ. ಓದಿಯೂ ಹಳೇ ನೀರನ್ನು ನಾಲ್ಕು ಕ್ಯಾನಿನಲ್ಲಿ, 80 ಲೀಟರ್, ಚಿನ್ನದ ಹಾಗೆ ಕಾರಿನಲ್ಲಿ ಇಟ್ಟುಕೊಂಡೆ. 25 ಕಿಲೋ ಕಲ್ಲನ್ನು ಲಾರಿಗೆ ಹಾಕಿಸಿದೆ.

ಸಾಮಾನು ಸಾಗಿಸುವವರು ನೀರು ತುಂಬಿದ ಬಕೆಟ್ ಬೇಡ ಅಂದರು. "ನೀರಿರೋ ಸಾಮಾನು ಹಾಕೋಲ್ಲ ಸರ್, ಚೆಲ್ಲಿದರೆ ಬೇರೆಯವರ ಸೋಫಾ ನೆನೆಯುತ್ತೆ." ಅವರ ಮಾತು ಸರಿಯೇ. ಅವತ್ತೇ ಕಲ್ಲನ್ನು ಕಾರಿಗೆ ತೆಗೆದುಕೊಂಡು, ಬಟ್ಟೆಯ ಸೂಟ್‌ಕೇಸ್‌ಗಳನ್ನು ಲಾರಿಗೆ ಹಾಕಬೇಕಿತ್ತು. ಹಾಗೆ ಮಾಡಲಿಲ್ಲ. ಒದ್ದೆ ಪೇಪರಿನಲ್ಲಿ ಸುತ್ತಿ ರಟ್ಟಿನ ಡಬ್ಬಕ್ಕೆ ತುಂಬಿದೆ. ಒಂದೇ ರಾತ್ರಿ ಅಲ್ವಾ ಅಂದುಕೊಂಡೆ.

ನಮ್ಮದು ಆಲಮಟ್ಟಿ ಅಣೆಕಟ್ಟಿನ ಮುಳುಗಡೆಯಲ್ಲಿ ಹಳೇ ಬಾಗಲಕೋಟೆ ಬಿಟ್ಟು ನವನಗರಕ್ಕೆ ಬಂದ ಮನೆ. ಆಗ ಅವ್ವ ತುಳಸಿ ಗಿಡವನ್ನು ಬೇರಿಗೆ ಅಂಟಿದ ಮಣ್ಣಿನ ಸಮೇತ ಅಗೆದು, ಒದ್ದೆ ಗೋಣಿಚೀಲ ಸುತ್ತಿ, ತಾನೇ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದಳು. ಆ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಗಿಡಕ್ಕೆ ಬೇರಿನ ಮಣ್ಣು ಹೇಗೋ ಮೀನಿಗೆ ಆ ಕಲ್ಲು ಹಾಗೆ ಅಂತ ನನಗೆ ಆಗ ಹೊಳೆಯಲಿಲ್ಲ.

ಏಪ್ರಿಲ್ ಕೊನೆಯ ಶನಿವಾರ, ನಸುಕಿನ ನಾಲ್ಕಕ್ಕೆ ಹೊರಟೆವು. ಲಾರಿ ಹಿಂದಿನ ಮಧ್ಯಾಹ್ನವೇ ಹೋಗಿತ್ತು. ಒಂದು ಪಾಲು ನೀರು, ಎರಡು ಪಾಲು ಆಕ್ಸಿಜನ್ ತುಂಬಿಸಿದ ಚೀಲಗಳಲ್ಲಿ ಒಂದೊಂದೇ ಮೀನು. ಹವಳಗಳೂ ಬೇರೆ ಬೇರೆ ಚೀಲದಲ್ಲಿ, ಯಾಕೆಂದರೆ ಲೆದರ್ ಹವಳ ನೊಂದರೆ ಬಿಡುವ ರಸ ಪಕ್ಕದವಕ್ಕೆ ಆಗುವುದಿಲ್ಲ. ಎಲ್ಲವೂ ಥರ್ಮಾಕೋಲ್ ಡಬ್ಬದೊಳಗೆ, ಕಾರಿನಲ್ಲಿ ಎಸಿ. ಇಷ್ಟು ಸರಿಯಾಗಿ ಮಾಡಿದ್ದೆ.

ಒಂದು ತಪ್ಪು ಹೊರಡುವ ಮೊದಲೇ ಆಗಿತ್ತು. ಸಾಗಿಸುವ ಮುಂಚೆ ಒಂದೆರಡು ದಿನ ಮೀನಿಗೆ ಊಟ ಹಾಕಬಾರದು. ಹೊಟ್ಟೆ ತುಂಬಿದ್ದರೆ ಚೀಲದ ನೀರಲ್ಲೇ ಹೊಲಸು ಬಿಡುತ್ತವೆ. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಬೇಕಿತ್ತು. ನಾನು ಹೇಳಿರಲಿಲ್ಲ. ದಾರಿಗೆ ರೊಟ್ಟಿ ಕಟ್ಟುತ್ತಿದ್ದ ಅವ್ವ ಹಿಂದಿನ ರಾತ್ರಿ ಮೀನಿಗೂ ಕಾಳು ಹಾಕಿದ್ದಳು. "ದೂರದ ದಾರಿ, ಉಪವಾಸ ಹೆಂಗ ಕರಕೊಂಡ ಹೋಗೂದಪಾ." ಅವಳ ತಪ್ಪು ಅದರಲ್ಲಿ ಏನೂ ಇಲ್ಲ.

ಮಧ್ಯಾಹ್ನ ಮೂರಕ್ಕೆ ತಲುಪಿದೆವು. ಟ್ಯಾಂಕ್ ಹೊತ್ತ ಲಾರಿ ಬಂದಿರಲಿಲ್ಲ. ದೊಡ್ಡ ಪ್ಲಾಸ್ಟಿಕ್ ಟಬ್ಬಿಗೆ ಹಳೇ ನೀರು ಸುರಿದು, ಬ್ಯಾಟರಿ ಏರ್ ಪಂಪ್ ಹಚ್ಚಿದೆ. ಆಮೇಲೆ ಚೀಲ ಬಿಚ್ಚಿ, ಸಣ್ಣ ಪೈಪಿನಲ್ಲಿ ಹನಿ ಹನಿಯಾಗಿ ನೀರು ಬಿಡುತ್ತಾ ಒಂದೂವರೆ ತಾಸು ಕೂತೆ. ಅಂಗಡಿಯಿಂದ ಹೊಸ ಮೀನು ತಂದಾಗ ಹಾಗೇ ಮಾಡಿ ಅಭ್ಯಾಸ. ಹನ್ನೊಂದು ತಾಸು ಕಟ್ಟಿಟ್ಟ ಚೀಲಕ್ಕೆ ಅದು ಮಾಡಬಾರದ ಕೆಲಸ. ಮೀನಿನ ಉಸಿರಿನ ಕಾರ್ಬನ್ ಡೈಆಕ್ಸೈಡ್ ತುಂಬಿ ಚೀಲದ ನೀರು ಆಮ್ಲವಾಗುತ್ತಾ ಹೋಗುತ್ತದೆ. ಅಂಥ ನೀರಿನಲ್ಲಿ ಅಮೋನಿಯಾದ ವಿಷ ಅಷ್ಟು ಏರುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಆ ಗಾಳಿ ಹೊರಗೆ ಹೋಗುತ್ತದೆ, ನೀರಿನ ಆಮ್ಲ ಇಳಿದು ಪಿಎಚ್ ಏರುತ್ತದೆ, ಸುಮ್ನೆ ಇದ್ದ ಅಮೋನಿಯಾ ವಿಷವಾಗುತ್ತದೆ. ಮೀನು ಅದೇ ನೀರಿನಲ್ಲಿ ಕೂತಿರುತ್ತದೆ. ಗೋಬಿ ಆ ಒಂದೂವರೆ ತಾಸಿನಲ್ಲೇ ಹೋಯಿತು.

ನೀವು ಹಾಗೆ ಮಾಡಬೇಡಿ. ಟಬ್ಬಿನ ನೀರಿನ ಉಪ್ಪಿನ ಅಂಶವನ್ನು ಚೀಲದ ನೀರಿಗೆ ಮೊದಲೇ ಸರಿಹೊಂದಿಸಿಟ್ಟುಕೊಳ್ಳಿ. ಕಟ್ಟಿದ ಚೀಲವನ್ನು ಹದಿನೈದು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಸಿ, ಬಿಸಿ ಸಮ ಆದ ಮೇಲೆ ಬಿಚ್ಚಿ, ಮೀನನ್ನು ಮಾತ್ರ ಎತ್ತಿ ಬಿಡಿ. ಚೀಲದ ನೀರನ್ನು ಚೆಲ್ಲಿ.

ಸಂಜೆ ಲಾರಿಯವರಿಗೆ ಫೋನ್ ಮಾಡಿದೆ. "ಗಾಡಿ ಹುಬ್ಬಳ್ಳಿ ಗೋಡೌನ್‌ದಾಗ ಐತ್ರಿ ಸರ್, ಇನ್ನೊಂದ್ ಪಾರ್ಟಿ ಸಾಮಾನ ಹೇರಬೇಕ್ರಿ, ನಾಳಿ ಮುಂಜಾನೆ ಬಿಡ್ತೀವ್ರಿ." ಭಾನುವಾರ ಮುಂಜಾನೆ ಹೋಗಿ ಸಂಜೆ ಆರಾಯಿತು. ಶುಕ್ರವಾರ ಮಧ್ಯಾಹ್ನದಿಂದ ಲೆಕ್ಕ ಹಾಕಿದರೆ 50 ತಾಸಿಗೂ ಜಾಸ್ತಿ. ಏಪ್ರಿಲ್ ಬಿಸಿಲು, ಮುಚ್ಚಿದ ಲಾರಿ. ಪೇಪರ್ ಒಣಗಿ ಕಲ್ಲಿಗೆ ಅಂಟಿಕೊಂಡಿತ್ತು. ಕಲ್ಲು ನಾರುತ್ತಿತ್ತು. ಸಮುದ್ರದ ವಾಸನೆ ಹೀಗೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಆ ರಾತ್ರಿ ಮಾಡಿದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಟಬ್ಬಿನಲ್ಲಿ ಎರಡೂ ಕ್ಲೌನ್, ಡ್ಯಾಮ್ಸೆಲ್, ಸೀಗಡಿ ಚೆನ್ನಾಗಿಯೇ ಇದ್ದವು. ಅಲ್ಲೇ ಬಿಡಬಹುದಿತ್ತು. ಟ್ಯಾಂಕ್ ಬಂತಲ್ಲ, ಅವುಗಳ ಮನೆಗೆ ಅವು ಸೇರಲಿ ಎಂಬ ಆತುರ ನನ್ನದು. ತಂದಿಟ್ಟಿದ್ದ ಉಪ್ಪು ಕಲಸಿದೆ, ಹಳೇ ಮರಳನ್ನು ತೊಳೆಯದೆ ಸುರಿದೆ, ಸತ್ತ ಕಲ್ಲು ಜೋಡಿಸಿದೆ, ಹನ್ನೆರಡಕ್ಕೆ ಮೀನು ಬಿಟ್ಟೆ. ಮರಳಿನ ತಳದ ಕಪ್ಪು ಕೆಸರು ಕೊಳೆತ ಮೊಟ್ಟೆಯ ಹಾಗೆ ನಾರುತ್ತಿತ್ತು. ಅದೂ ವಿಷವೇ.

ಸೋಮವಾರ ಮುಂಜಾನೆ ಮಗಳು ಬಂದು ಎಬ್ಬಿಸಿದಳು. ಕ್ಲೌನ್‌ಗಳು ನೀರಿನ ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಡ್ಯಾಮ್ಸೆಲ್ ಮೂಲೆಯಲ್ಲಿ ಒರಗಿ ಬಿದ್ದಿತ್ತು. ಅಮೋನಿಯಾ ನೋಡುವ ಟೆಸ್ಟ್ ಕಿಟ್‌ನಲ್ಲಿ ಹಳದಿ ಉಳಿಯಬೇಕಾದ ನೀರು ಕಡು ಹಸಿರಾಯಿತು. ಕಲ್ಲಿನೊಳಗೆ ಸತ್ತ ಹುಳ, ಸ್ಪಂಜು ಜೀವಿಗಳೆಲ್ಲ ಕೊಳೆತು ಅಮೋನಿಯಾ ಬಿಡುತ್ತಿದ್ದವು, ತಿನ್ನುವ ಬ್ಯಾಕ್ಟೀರಿಯಾ ಉಳಿದಿರಲಿಲ್ಲ. ನೀರು ಬದಲಿಸಲು ಉಪ್ಪು ಮುಗಿದಿತ್ತು. ಲೀಟರಿಗೆ ಸುಮಾರು 35 ಗ್ರಾಂ ಬೇಕು, ಅದೂ ಅಕ್ವೇರಿಯಂ ಉಪ್ಪೇ ಆಗಬೇಕು, ಅಡುಗೆ ಉಪ್ಪು ನಡೆಯುವುದಿಲ್ಲ. ನಾನು ಹೋಗಿ ಕೇಳಿದ ಅಂಗಡಿಗಳಲ್ಲಿ ಗಪ್ಪಿ, ಗೋಲ್ಡ್ ಫಿಶ್ ಇದ್ದವು, ಈ ಉಪ್ಪು ಇರಲಿಲ್ಲ. ಕರಾವಳಿ ಬಿಟ್ಟು ಈ ಕಡೆ ಬರುವವರು ಟ್ಯಾಂಕಿನ ನೀರು ಎರಡು ಸಲ ಪೂರ್ತಿ ಬದಲಿಸುವಷ್ಟು ಉಪ್ಪು ಹಿಡಿದುಕೊಂಡೇ ಬನ್ನಿ. ಬೋರ್ ನೀರು ಬೇಡ, ಶುದ್ಧ ನೀರಿನ ಘಟಕದ ಆರ್‌ಒ ಕ್ಯಾನ್ ತನ್ನಿ.

ಟಬ್ಬಿನ ಹಳೇ ನೀರನ್ನು ನಾನು ಚೆಲ್ಲಿರಲಿಲ್ಲ. ಅದಷ್ಟೇ ಉಳಿಸಿತು. ಎರಡೂ ಕ್ಲೌನ್‌ಗಳನ್ನು ಮರಳಿ ಅದಕ್ಕೆ ಬಿಟ್ಟೆ. ದೊಡ್ಡದು ಮಂಗಳವಾರ ರಾತ್ರಿ ಸತ್ತಿತು. ಡ್ಯಾಮ್ಸೆಲ್, ಸೀಗಡಿ ಅದಕ್ಕೂ ಮೊದಲೇ ಹೋಗಿದ್ದವು. ಲೆದರ್ ಹವಳ ಕರಗಿ ಲೋಳೆಯಾಯಿತು. ಜೊವಾಂತಿಡ್ ಮುಚ್ಚಿಕೊಂಡದ್ದು ತೆರೆಯಲೇ ಇಲ್ಲ.

ಇಲ್ಲಿ ಒಂದು ಮಾತು, ಇದು ಮನುಷ್ಯರ ಜೀವದ ಪ್ರಶ್ನೆ. ಗೆಳೆಯರೊಬ್ಬರು "ಆ ಕಲ್ಲು ಕುದಿಸಿಬಿಡು, ಸ್ವಚ್ಛ ಆಗ್ತದ" ಅಂದರು. ಒಲೆ ಹಚ್ಚುವ ಮುಂಚೆ ಓದಿ ನೋಡಿದ್ದು ಒಳ್ಳೆಯದಾಯಿತು. ಜೊವಾಂತಿಡ್ ಜಾತಿಯ ಕೆಲವು ಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ. ಅವು ಅಂಟಿದ ಕಲ್ಲನ್ನು ಕುದಿಸಿದರೆ ಹಬೆಯಲ್ಲಿ ವಿಷ ಬಂದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳಿವೆ. ಕುದಿಸಬೇಡಿ, ಬಿಸಿನೀರು ಹಾಕಬೇಡಿ, ಬ್ರಷ್ಷಿನಿಂದ ಉಜ್ಜಬೇಡಿ. ಮುಟ್ಟುವಾಗ ಗ್ಲೌಸ್, ಕನ್ನಡಕ ಹಾಕಿ. ಮಕ್ಕಳನ್ನು ದೂರ ಇಡಿ.

ನಿಮಗೆ ಎತ್ತಂಗಡಿ ಆಗಿದೆಯಾ? ಕಲ್ಲನ್ನು ಮುಚ್ಚಳದ ಬಕೆಟ್‌ಗಳಲ್ಲಿ ಟ್ಯಾಂಕಿನ ನೀರಿನಲ್ಲೇ ಮುಳುಗಿಸಿ, ನಿಮ್ಮ ಗಾಡಿಯಲ್ಲೇ ಇಟ್ಟುಕೊಳ್ಳಿ. ದಾರಿಯಲ್ಲಿ ಚಹಾಕ್ಕೆ ನಿಂತಾಗೆಲ್ಲ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಏರ್ ಪಂಪ್ ಬಿಡಿ. ಫಿಲ್ಟರ್ ಸ್ಪಂಜನ್ನೂ ಹಾಗೇ ತನ್ನಿ. ಹಳೇ ಮರಳು ಬಿಟ್ಟುಬನ್ನಿ. ಅಮೋನಿಯಾ ಎರಡು ಮೂರು ದಿನ ಸತತ ಸೊನ್ನೆ ತೋರಿಸುವ ತನಕ ಮೀನು ಟಬ್ಬಿನಲ್ಲೇ ಇರಲಿ. ಜಾಗ ಸಾಲದಿದ್ದರೆ, ಅಥವಾ ಏಪ್ರಿಲ್ ಮೇ ತಿಂಗಳಲ್ಲೇ ಹೊರಡಬೇಕಾಗಿ ಬಂದರೆ, ಮೀನನ್ನು ಅದೇ ಊರಿನ ಸಾಕುವವರಿಗೆ ಕೊಟ್ಟುಬಿಡಿ. ಕೊಡುವುದು ಕಷ್ಟ, ನನಗೆ ಗೊತ್ತು. ಮಂಗಳೂರಿನಲ್ಲಿ ಒಬ್ಬರು ನನ್ನನ್ನು ಕೇಳಿಯೂ ಇದ್ದರು.

ಚಿಕ್ಕ ಕ್ಲೌನ್ ಟಬ್ಬಿನಲ್ಲಿ ಏಳು ವಾರ ಇತ್ತು. ಮಶ್ರೂಮ್ ಹವಳ ಅಂಟಿದ್ದ ಒಂದು ಮುಷ್ಟಿಯಷ್ಟು ಕಲ್ಲು ಚೀಲದಲ್ಲಿ ನಮ್ಮ ಜೊತೆಯೇ ಕಾರಿನಲ್ಲಿ ಬಂದಿತ್ತು. ಒಣಗದೆ ಉಳಿದ ಕಲ್ಲು ಅದೊಂದೇ. ಅದನ್ನೇ ಹೊಸ ಕಲ್ಲುಗಳ ನಡುವೆ ಇಟ್ಟು ಟ್ಯಾಂಕ್ ಮತ್ತೆ ಕಟ್ಟಿದೆವು.