ಆಕ್ಸ್‌ಫರ್ಡಿನ ಕಲ್ಲು, ಸೈಕಲ್ಲು ಮತ್ತು ಮೂರು ಕ್ಯಾಮೆರಾ

ಆಕ್ಸ್‌ಫರ್ಡಿನ ನಟ್ಟನಡುವೆ ರ‍್ಯಾಡ್‌ಕ್ಲಿಫ್ ಕ್ಯಾಮೆರಾ ಎಂಬ ದುಂಡನೆಯ ಗ್ರಂಥಾಲಯವಿದೆ. ಲ್ಯಾಟಿನ್ ಭಾಷೆಯಲ್ಲಿ ಕ್ಯಾಮೆರಾ ಎಂದರೆ ಕೋಣೆ. ಜೇಮ್ಸ್ ಗಿಬ್ಸ್ ವಿನ್ಯಾಸದಂತೆ 1737ರಿಂದ 1749ರವರೆಗೆ ಅದು ಮೇಲೇಳುತ್ತಿದ್ದಾಗ ಫೋಟೊ ಎಂಬುದೇ ಜಗತ್ತಿನಲ್ಲಿರಲಿಲ್ಲ. ಅದರ ಗುಮ್ಮಟದ ಎದುರು ಜೇಬಿನಲ್ಲೊಂದು, ಕೊರಳಲ್ಲೊಂದು, ಹೆಗಲಲ್ಲೊಂದು ಕ್ಯಾಮೆರಾ ಹೊತ್ತು ನಿಂತಿದ್ದ ನಾನು ಪ್ರವಾಸಿಗರಿಗೂ ನೋಡತಕ್ಕ ವಸ್ತುವಾಗಿದ್ದೆನೆಂದು ಕಾಣುತ್ತದೆ. ವಯಸ್ಸಾದವರೊಬ್ಬರು ಹತ್ತಿರ ಬಂದು, ‘ಇವುಗಳಲ್ಲಿ ಕೆಟ್ಟಿರುವುದು ಯಾವುದು?’ ಎಂದು ಕೇಳಿ ಹೋದರು.

ಹೆಂಡತಿಗೆ ಅಲ್ಲಿ ಒಂದು ವರ್ಷದ ಸಂಶೋಧನೆಯಿತ್ತು. ಅವಳು ಓದುವ ಕೋಣೆಯೊಳಗೆ, ನಾನು ಬೀದಿಯಲ್ಲಿ. ಮೊದಲ ತಿಂಗಳು ಬರೀ ಮೊಬೈಲಿನಲ್ಲಿ ತೆಗೆದೆ. ಮನೆಗೆ ಬಂದು ನೋಡಿದರೆ ಎಲ್ಲವೂ ಚೆನ್ನಾಗಿದ್ದವು, ಒಂದೂ ನಾನು ಕಂಡಂತಿರಲಿಲ್ಲ. ಆ ಕಿರಿಕಿರಿಯೇ ಈ ಹೋಲಿಕೆಗೆ ಮೂಲ. ಅಕ್ಟೋಬರಿನಿಂದ ಜೂನ್‌ವರೆಗೆ ಅವೇ ಜಾಗಗಳಿಗೆ ಮತ್ತೆಮತ್ತೆ ಹೋಗಿ, ಒಂದೇ ಗಳಿಗೆಯಲ್ಲಿ ಮೂರರಲ್ಲೂ ತೆಗೆದು, ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಮೊಬೈಲು ಮೂರು ವರ್ಷ ಹಳೆಯದು. ಎರಡನೆಯದು 24 ಮೆಗಾಪಿಕ್ಸೆಲ್‌ನ ಪುಟ್ಟ ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿಯಿಲ್ಲದ, ಡಿಜಿಟಲ್ ಕ್ಯಾಮೆರಾ. ಅದಕ್ಕೆ 23 ಎಂಎಂ ಸ್ಥಿರ ಲೆನ್ಸ್, ಜೊತೆಗೆ 18–55 ಜೂಮ್; ಈ ಅಂಕಿ ಚಿಕ್ಕದಾದಷ್ಟೂ ನೋಟ ಅಗಲ. ಮೂರನೆಯದು ಮಾವನವರು ಕೊಟ್ಟ ಫಿಲ್ಮ್ ಕ್ಯಾಮೆರಾ, 50 ಎಂಎಂ ಲೆನ್ಸಿನದು. ಅದರಲ್ಲಿ ವರ್ಷವಿಡೀ ಇಲ್‌ಫರ್ಡ್ ಎಚ್‌ಪಿ5 ಕಪ್ಪುಬಿಳುಪು ರೀಲನ್ನೇ ಹಾಕಿದೆ. ಟ್ರೈಪಾಡ್ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ. ಆ ಕಾಲುದಾರಿಗಳಲ್ಲಿ ಮೂರು ಕಾಲು ಚಾಚುವುದೆಂದರೆ ಮೂವರನ್ನು ಎಡವಿಸುವುದು.

ನಿಜವಾದ ಪರೀಕ್ಷೆ ನಡೆದದ್ದು ಬ್ರೇಸ್‌ನೋಸ್ ಲೇನಿನಲ್ಲಿ. ಎರಡೂ ಕಡೆ ಕಾಲೇಜುಗಳ ಎತ್ತರದ ಗೋಡೆ, ಹಾದಿಯ ಮಧ್ಯದಲ್ಲಿ ಹಳೆಯ ಕಾಲದ ಚರಂಡಿಯ ಕಲ್ಲುಗಾಲುವೆ, ಕೊನೆಯಲ್ಲಿ ಬಿಸಿಲಿಗೆ ಹೊಳೆಯುವ ರ‍್ಯಾಡ್‌ಕ್ಲಿಫ್ ಗುಮ್ಮಟ. ಓಣಿಯ ನೆರಳಿಗೂ ಗುಮ್ಮಟದ ಬೆಳಕಿಗೂ ನನ್ನ ಮೀಟರ್ ಐದು ಸ್ಟಾಪ್ ಅಂತರ ತೋರಿಸಿತು; ಒಂದೊಂದು ಸ್ಟಾಪಿಗೂ ಬೆಳಕು ಇಮ್ಮಡಿ. ಮೊಬೈಲು ಕ್ಷಣಾರ್ಧದಲ್ಲಿ ಹಲವು ಚಿತ್ರಗಳನ್ನು ಬೆಸೆದು ಎರಡನ್ನೂ ಸರಿದೂಗಿಸಿಬಿಟ್ಟಿತು: ಚರಂಡಿಯ ಪಾಚಿಯೂ ಕಂಡಿತು, ಗುಮ್ಮಟದ ಕಲ್ಲುಗಳ ಸಂದೂ ಕಂಡಿತು. ತಪ್ಪು ಹುಡುಕುವಂತಿಲ್ಲ. ಆದರೆ ಆ ಓಣಿಯಲ್ಲಿ ನಡೆಯುವ ಸುಖವಿರುವುದೇ ಕತ್ತಲಿನಿಂದ ಬೆಳಕಿಗೆ ಬರುವುದರಲ್ಲಿ. ಮೊಬೈಲು ಓಣಿಗೂ ಚೌಕಕ್ಕೂ ಒಂದೇ ಹಗಲನ್ನು ಹಂಚಿತ್ತು. ಓಣಿಯು ಓಣಿಯಾಗಿ ಉಳಿದಿರಲಿಲ್ಲ. ಮಿರರ್‌ಲೆಸ್‌ನಲ್ಲಿ ಗುಮ್ಮಟಕ್ಕೆ ಎಕ್ಸ್‌ಪೋಷರ್ (ಒಳಬಿಡುವ ಬೆಳಕಿನ ಪ್ರಮಾಣ) ಹೊಂದಿಸಿ, ಕ್ಯಾಮೆರಾ ತಿದ್ದದೆ ಕೊಡುವ ರಾ ಫೈಲಿನಲ್ಲಿ ನೆರಳನ್ನು ಸ್ವಲ್ಪ, ಸ್ವಲ್ಪವೇ, ಮೇಲೆತ್ತಿದೆ. ಫಿಲ್ಮಿನಲ್ಲಿ ಲೆಕ್ಕ ತಿರುಗುಮುರುಗು: ನೆರಳಿಗೆ ಎಕ್ಸ್‌ಪೋಷರ್ ಕೊಟ್ಟು ಬೆಳಕಿನ ಭಾಗವನ್ನು ಅದರ ಪಾಡಿಗೆ ಬಿಟ್ಟರೂ ನೆಗೆಟಿವ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದೇ ಔದಾರ್ಯವನ್ನು ಡಿಜಿಟಲ್‌ನಿಂದ ನಿರೀಕ್ಷಿಸಿದರೆ ಗುಮ್ಮಟದ ಬದಲು ಬಿಳಿ ಮಚ್ಚೆ ಸಿಗುತ್ತದೆ; ನನಗೆ ಎರಡು ಸಲ ಸಿಕ್ಕಿತು. ಓಣಿಯ ಮಟ್ಟಿಗೆ ನನ್ನ ಮತ ಫಿಲ್ಮಿಗೆ, ಎರಡನೆಯ ಸ್ಥಾನ 23 ಎಂಎಂಗೆ.

ಮುಂದಿನ ತೊಂದರೆ ಎತ್ತರದ್ದು. ಬೋಡ್ಲಿಯನ್ ಗ್ರಂಥಾಲಯದ ಒಳಾಂಗಣದಲ್ಲಿ ಐದು ಶೈಲಿಗಳ ಗೋಪುರವೊಂದಿದೆ: ಕೆಳಗಿನಿಂದ ಮೇಲಕ್ಕೆ ಟಸ್ಕನ್, ಡೋರಿಕ್, ಅಯಾನಿಕ್, ಕೊರಿಂಥಿಯನ್, ಕಾಂಪೊಸಿಟ್ ಎಂಬ ಐದು ಬಗೆಯ ಕಂಬಗಳು ಒಂದರ ಮೇಲೊಂದು. ವಾಸ್ತುಶಿಲ್ಪದ ಪಠ್ಯಪುಸ್ತಕವನ್ನೇ ನೆಟ್ಟಗೆ ನಿಲ್ಲಿಸಿದಂತೆ. ಐದನ್ನೂ ಒಂದೇ ಚೌಕಟ್ಟಿನಲ್ಲಿ ತರಬೇಕೆಂಬುದು ಎಲ್ಲರ ಆಸೆ, ಆದರೆ ಹಿಂದೆ ಸರಿಯಲು ಅಂಗಳವೇ ಸಾಲದು. 23 ಎಂಎಂನಲ್ಲಿ ಎದುರುಗೋಡೆಗೆ ಬೆನ್ನು ಹಚ್ಚಿ ನಿಂತರೂ ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಲೇಬೇಕು. ಓರೆ ಮಾಡಿದೊಡನೆ ಗೋಪುರ ಹಿಂದಕ್ಕೆ ವಾಲಿಕೊಳ್ಳುತ್ತದೆ. 50 ಎಂಎಂನ ಮಾತೇ ಬೇಡ, ಮೂರು ಅಂತಸ್ತಿಗೆ ಅದರ ದಮ್ಮು ಮುಗಿಯಿತು. ಮೊಬೈಲಿನ ಅಲ್ಟ್ರಾವೈಡ್ ಲೆನ್ಸ್ ಇಡೀ ಗೋಪುರವನ್ನು ಸಲೀಸಾಗಿ ನುಂಗಿತು. ಆದರೆ ಅಂಚಿನಲ್ಲಿ ನಿಂತಿದ್ದ ಹುಡುಗಿಯ ತಲೆಯನ್ನು ಹಲಸಿನ ಹಣ್ಣಿನಂತೆ ಎಳೆದಿತ್ತು.

ಇಲ್ಲಿ ಗೆದ್ದದ್ದು, ನನಗೇ ಆಶ್ಚರ್ಯವಾಗುವಂತೆ, ನಾನು ಕೀಳಾಗಿ ಕಾಣುತ್ತಿದ್ದ ಜೂಮ್. ಅದನ್ನು 18ಕ್ಕೆ ತಂದು, ಕ್ಯಾಮೆರಾವನ್ನು ಅಡ್ಡ ಹಿಡಿಯದೆ ಉದ್ದ ಹಿಡಿದು, ಓರೆ ಮಾಡದೆ ನೆಲಕ್ಕೆ ಸಮನಾಗಿ ಇಟ್ಟೆ. ಚಿತ್ರದ ಕೆಳಗಿನ ಅರ್ಧ ಬರೀ ನೆಲಹಾಸು. ಅದನ್ನು ಆಮೇಲೆ ಕತ್ತರಿಸಿ ಎಸೆದರಾಯಿತು, 24 ಮೆಗಾಪಿಕ್ಸೆಲ್‌ನಲ್ಲಿ ಅರ್ಧ ಹೋದರೂ ಗೋಡೆಗೆ ತೂಗುಹಾಕುವಷ್ಟು ಉಳಿಯುತ್ತದೆ. ತುದಿಯಲ್ಲಿ ಇನ್ನೂ ಚೂರು ತಪ್ಪಿದ್ದಕ್ಕೆ ಒಂದಿಷ್ಟು ಓರೆ ಮಾಡಿ ಕಂಪ್ಯೂಟರಿನಲ್ಲಿ ನೇರಗೊಳಿಸಿದೆ. ಹಾಗೆ ನೇರಗೊಳಿಸುವಾಗ ಎರಡೂ ಬದಿಯ ಮೂಲೆಗಳು ನಷ್ಟವಾಗುತ್ತವೆ, ಆದ್ದರಿಂದ ತೆಗೆಯುವಾಗಲೇ ಸುತ್ತ ಜಾಗ ಬಿಟ್ಟಿರಬೇಕು. ಗೋಪುರದ ಮುಖ ಪಶ್ಚಿಮಕ್ಕಿರುವುದರಿಂದ ಬೆಳಗ್ಗೆ ಹೋಗುವುದು ವ್ಯರ್ಥ. ಕ್ಯಾಮೆರಾ ಓರೆ ಮಾಡದೆ ಲೆನ್ಸನ್ನಷ್ಟೇ ಮೇಲೆ ಸರಿಸಬಲ್ಲ, ಕಟ್ಟಡಗಳಿಗೆಂದೇ ಇರುವ ಶಿಫ್ಟ್ ಲೆನ್ಸ್ ಇದ್ದಿದ್ದರೆ ಈ ಸರ್ಕಸ್ಸೇ ಬೇಡವಾಗಿತ್ತು. ಅದಕ್ಕೆ ಬೇಕಾದ ಹಣವೂ ನನ್ನಲ್ಲಿರಲಿಲ್ಲ, ಹೆಗಲೂ ಇರಲಿಲ್ಲ.

ಜೂಮ್‌ನ ಇನ್ನೊಂದು ತುದಿಗೂ ಒಂದು ಜಾಗ ಸಿಕ್ಕಿತು. ಹೈ ಸ್ಟ್ರೀಟ್ ನೇರವಾಗಿಲ್ಲ, ನದಿಯಂತೆ ಬಾಗಿ ಹರಿಯುತ್ತದೆ. ಮಾಡ್ಲಿನ್ ಕಾಲೇಜಿನ ಕಡೆಯಿಂದ ಬರುವವರಿಗೆ ಕಟ್ಟಡಗಳು ಒಂದೊಂದಾಗಿ ತಿರುವಿನ ಹಿಂದಿನಿಂದ ಹೊರಬರುತ್ತವೆ. 55 ಎಂಎಂ ಆ ಬಾಗನ್ನು ಅದುಮಿ, ಕ್ವೀನ್ಸ್ ಕಾಲೇಜಿನ ಗೋಡೆಯನ್ನೂ ಸೇಂಟ್ ಮೇರಿ ಚರ್ಚಿನ ಶಿಖರವನ್ನೂ ಒಂದರ ಹೆಗಲ ಮೇಲೊಂದು ಇಟ್ಟುಕೊಟ್ಟಿತು. ಉಳಿದ ಯಾವ ಲೆನ್ಸಿನಲ್ಲೂ ಆ ಬೀದಿ ಬರೀ ಬಸ್ಸುಗಳ ಬೀದಿಯೇ.

ಕ್ವೀನ್ಸ್ ಕಾಲೇಜಿನ ಈ ಗೋಡೆಗೆ ಇನ್ನೊಂದು ಮಹತ್ವವಿದೆ. ಕಾಗದದ ನೆಗೆಟಿವನ್ನು ಕಂಡುಹಿಡಿದ ಹೆನ್ರಿ ಫಾಕ್ಸ್ ಟಾಲ್ಬಟ್ ತನ್ನ ಫೋಟೊಗಳ ಪುಸ್ತಕವನ್ನು 1844ರಲ್ಲಿ ಕಂತುಕಂತಾಗಿ ಹೊರತರತೊಡಗಿದಾಗ ಮೊದಲ ಚಿತ್ರವಾಗಿ ಇಟ್ಟದ್ದು ಇದನ್ನೇ. ಅದರಲ್ಲಿ ಅವನ ಕಣ್ಣಿಗೆ ಬಿದ್ದದ್ದು ಕಟ್ಟಡದ ಭವ್ಯತೆಗಿಂತ ಕಲ್ಲಿನ ಸವಕಳಿ. ಊರಿನ ಪಕ್ಕದ ಹೆಡಿಂಗ್ಟನ್‌ನಿಂದ ತಂದ ಸುಣ್ಣಕಲ್ಲು ಕಲ್ಲಿದ್ದಲ ಹೊಗೆಗೆ ಗುಳ್ಳೆಯೆದ್ದು ಪದರಪದರವಾಗಿ ಉದುರುತ್ತಿತ್ತು. ಆಮೇಲಿನ ದುರಸ್ತಿಗಳಲ್ಲಿ ಗಟ್ಟಿಯಾದ ಕ್ಲಿಪ್‌ಶಮ್ ಕಲ್ಲು ಬಂತು. ಬ್ರಾಡ್ ಸ್ಟ್ರೀಟಿನಲ್ಲಿ, ಕ್ರಿಸ್ಟಫರ್ ರೆನ್ ಕಟ್ಟಿದ ಶೆಲ್ಡೋನಿಯನ್ ಥಿಯೇಟರಿನ ಮುಂದೆ ಸಾಲಾಗಿ ನಿಂತಿರುವ, ‘ಚಕ್ರವರ್ತಿಗಳು’ ಎಂದು ಕರೆಯುವ ಗಡ್ಡದ ಕಲ್ಲುತಲೆಗಳ ಕಥೆಯೂ ಇದೇ. ಮೊದಲ ತಲೆಮಾರು ಸವೆದು, 1868ರಲ್ಲಿ ಬಂದ ಎರಡನೆಯದು ಅದಕ್ಕಿಂತ ಬೇಗ ಕರಗಿ, ಈಗಿರುವವು 1972ರಲ್ಲಿ ಮೈಕೆಲ್ ಬ್ಲ್ಯಾಕ್ ಕೆತ್ತಿದ ಮೂರನೆಯ ತಲೆಮಾರಿನವು. ಒಂದರ ಗಡ್ಡದಂತೆ ಇನ್ನೊಂದರದಿಲ್ಲ.

ಕಲ್ಲಿನ ವಿಷಯದಲ್ಲಿ ಫಿಲ್ಮನ್ನು ಮೀರಿಸಲು ಉಳಿದವುಗಳಿಂದ ಆಗಲೇ ಇಲ್ಲ. ಈ ತಲೆಗಳು ಉತ್ತರಕ್ಕೆ ಮುಖ ಮಾಡಿರುವುದರಿಂದ ದಿನದ ಬಹುಪಾಲು ನೆರಳಿನಲ್ಲೇ ಇರುತ್ತವೆ. ಆ ಮಂಕು ಬೆಳಕಿನಲ್ಲಿ ಎಚ್‌ಪಿ5ರ ಕಾಳುಕಾಳಾದ ಮೈಯೂ ಕಲ್ಲಿನ ಒರಟೂ ಒಂದೇ ಜಾತಿಯವು ಎನ್ನಿಸುತ್ತದೆ. ಮೊಬೈಲು ಮಾತ್ರ ಪ್ರತಿ ಕೂದಲ ಕೆತ್ತನೆಯನ್ನೂ ಕೃತಕವಾಗಿ ಚೂಪು ಮಾಡಿ, ಸುಣ್ಣಕಲ್ಲಿನ ಜೇನುಬಣ್ಣವನ್ನು ಬೂದಿಗೆ ತಿರುಗಿಸಿ, ಚಕ್ರವರ್ತಿಗಳನ್ನು ಪ್ಲಾಸ್ಟಿಕ್ ಗೊಂಬೆ ಮಾಡಿತು. ಮಿರರ್‌ಲೆಸ್‌ನಲ್ಲಿ ವೈಟ್ ಬ್ಯಾಲೆನ್ಸನ್ನು, ಅಂದರೆ ಬೆಳಕಿಗೆ ತಕ್ಕಂತೆ ಬಣ್ಣ ಹದಗೊಳಿಸುವ ಆಯ್ಕೆಯನ್ನು, ‘ಮೋಡ’ಕ್ಕೆ ಕಟ್ಟಿಹಾಕಿದ ಮೇಲೆ ಬಣ್ಣ ನಿಜಕ್ಕೆ ಹತ್ತಿರ ಬಂತು.

ಹೀಗೆ ಫಿಲ್ಮಿನ ಗುಂಗಿನಲ್ಲಿದ್ದವನಿಗೆ ಜೂನ್ ತಿಂಗಳು ಬುದ್ಧಿ ಕಲಿಸಿತು. ಪರೀಕ್ಷೆಗೆ ಹೋಗುವ ವಿದ್ಯಾರ್ಥಿಗಳು ಕಪ್ಪು ಗೌನು ತೊಟ್ಟು ಎದೆಗೆ ಕಾರ್ನೇಶನ್ ಹೂ ಸಿಕ್ಕಿಸಿಕೊಳ್ಳುತ್ತಾರೆ: ಮೊದಲ ಪರೀಕ್ಷೆಗೆ ಬಿಳಿ, ನಡುವಿನವಕ್ಕೆ ಗುಲಾಬಿ, ಕೊನೆಯದಕ್ಕೆ ಕೆಂಪು. ಹೂವಿನ ಬಣ್ಣ ನೋಡಿದರೆ ಸಾಕು, ಮುಖದ ಕಳೆಗೆ ಕಾರಣ ಗೊತ್ತಾಗುತ್ತದೆ. ಪರೀಕ್ಷಾ ಭವನದ ಎದುರು, ಕೇಳಿಕೊಂಡು, ಒಂದು ಗುಂಪಿನ ಚಿತ್ರ ತೆಗೆದೆ. ರೀಲು ತೊಳೆದು ಬಂದಾಗ ಬಿಳಿ ಬಿಳಿಯಾಗಿಯೇ ಇತ್ತು. ಗುಲಾಬಿ, ಕೆಂಪು ಎರಡೂ ಬರೀ ಬೂದು. ನಾಳೆಯೂ ಓದಬೇಕಾದವಳು ಯಾರು, ಇವತ್ತಿಗೆ ಬಿಡುಗಡೆಯಾದವಳು ಯಾರು, ಚಿತ್ರ ಹೇಳುವುದೇ ಇಲ್ಲ. ಕೀಬಲ್ ಕಾಲೇಜಿನಲ್ಲೂ ಇದೇ ಪಾಡು. ಕಲ್ಲಿನ ಊರಿನಲ್ಲಿ ವಿಲಿಯಂ ಬಟರ್‌ಫೀಲ್ಡ್ 1870ರ ಆ ಕಾಲೇಜನ್ನು ಬಣ್ಣಬಣ್ಣದ ಇಟ್ಟಿಗೆಯ ಪಟ್ಟೆಗಳಲ್ಲಿ ಕಟ್ಟಿಸಿದ್ದೇ ಜಗಳಗಂಟ ಕೆಲಸ. ಬಣ್ಣ ತೆಗೆದರೆ ಜಗಳವೂ ಉಳಿಯುವುದಿಲ್ಲ. ಅಲ್ಲಿ ಮೊಬೈಲಿನ ಗಾಢ ಬಣ್ಣವೇ ಒಪ್ಪಿತು. ಅದರ ಅತಿರೇಕಕ್ಕೆ ತಕ್ಕ ಕಟ್ಟಡ ಅದು.

ಇಷ್ಟೆಲ್ಲ ಆದರೂ ವರ್ಷದ ಕೊನೆಗೆ ಅತಿ ಹೆಚ್ಚು ಚಿತ್ರಗಳು ಉಳಿದದ್ದು 23 ಎಂಎಂ ಸ್ಥಿರ ಲೆನ್ಸಿನವು. ಕಾರಣ ಸೈಕಲ್ಲು. ಆ ಊರಿನ ದಿನಚರಿ ಇರುವುದು ಅದರ ಮೇಲೆ: ಬುಟ್ಟಿಯಲ್ಲಿ ಪುಸ್ತಕ, ಗಾಳಿಗೆ ಹಾರುವ ಗೌನು, ಒಂದು ಕೈಯಲ್ಲಿ ಕೊಡೆ. ಹರ್ಟ್‌ಫರ್ಡ್ ಕಾಲೇಜಿನ ಎರಡು ಭಾಗಗಳನ್ನು ಜೋಡಿಸುವ ಕಮಾನು ಸೇತುವೆಗೆ ‘ನಿಟ್ಟುಸಿರಿನ ಸೇತುವೆ’ ಎಂದು ಅಡ್ಡಹೆಸರು. ಎಲ್ಲರೂ ಅದನ್ನು ಬಹಳ ಪುರಾತನವೆಂದುಕೊಳ್ಳುತ್ತಾರೆ, ಮುಗಿದದ್ದು 1914ರಲ್ಲಿ. ಅದರ ಕೆಳಗೆ ಸೈಕಲ್ಲು ಹಾಯುವ ಕ್ಷಣ ಅರೆಗಳಿಗೆಯೂ ಇಲ್ಲ. ಮೊಬೈಲಿನಲ್ಲಿ ಬೆರಳು ಒತ್ತುವಷ್ಟರಲ್ಲಿ ಹಿಂದಿನ ಚಕ್ರವಷ್ಟೇ ಸಿಗುತ್ತಿತ್ತು. ಫಿಲ್ಮಿನಲ್ಲಿ ಫೋಕಸ್ ಉಂಗುರ ತಿರುಗಿಸುತ್ತ ಕುಳಿತರೆ ಸವಾರ ತರಗತಿ ತಲುಪಿರುತ್ತಾನೆ. 23 ಎಂಎಂಗೆ ಒಂದು ಹಳೆಯ ಉಪಾಯವಿದೆ: ಅಪರ್ಚರನ್ನು, ಅಂದರೆ ಬೆಳಕು ಒಳಬರುವ ಕಂಡಿಯನ್ನು, ಎಫ್8ಕ್ಕೆ ಇಟ್ಟು ಫೋಕಸನ್ನು ಮೂರೂಕಾಲು ಮೀಟರಿಗೆ ಕಟ್ಟಿಬಿಟ್ಟರೆ, ಎರಡು ಮೀಟರಿನಿಂದಾಚೆಗೆ ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಶಟರು 1/500 ಸೆಕೆಂಡು. ಆಮೇಲೆ ಕ್ಯಾಮೆರಾ ಏನನ್ನೂ ಯೋಚಿಸುವುದಿಲ್ಲ, ನಾವು ಕಾಯುವುದಷ್ಟೇ. ಮೂಲೆಯಲ್ಲಿ ಇಪ್ಪತ್ತು ನಿಮಿಷ ನಿಂತರೆ ಒಂದಾದರೂ ಒಳ್ಳೆಯ ಚಿತ್ರ ಖಚಿತ. ಜೂಮ್ ಇದ್ದಾಗ ನಾನು ಆ ಇಪ್ಪತ್ತು ನಿಮಿಷವನ್ನೂ ಉಂಗುರ ತಿರುಗಿಸುವುದರಲ್ಲೇ ಕಳೆಯುತ್ತಿದ್ದೆ.

ಸಂಜೆಯ ಲೆಕ್ಕ ಬೇರೆ. ಕ್ರೈಸ್ಟ್ ಚರ್ಚ್ ಕಾಲೇಜಿನ ಟಾಮ್ ಗೋಪುರದ ಗಂಟೆ ರಾತ್ರಿ 9 ಗಂಟೆ 5 ನಿಮಿಷಕ್ಕೆ 101 ಸಲ ಬಾರಿಸುತ್ತದೆ. ಆಕ್ಸ್‌ಫರ್ಡಿನ ಹಳೆಯ ಸ್ಥಳೀಯ ಸಮಯ ಗ್ರೀನಿಚ್‌ಗಿಂತ ಐದು ನಿಮಿಷ ಹಿಂದಿತ್ತು ಎಂಬ ಹಠ. ಡಿಸೆಂಬರಿನಲ್ಲಿ ನಾಲ್ಕಕ್ಕೆಲ್ಲ ಸೂರ್ಯ ಮುಳುಗುವುದರಿಂದ ಗಂಟೆಯ ಹೊತ್ತಿಗೆ ಕಗ್ಗತ್ತಲು. ಜೂನಿನಲ್ಲಿ ಅದೇ ಹೊತ್ತಿಗೆ ಪಶ್ಚಿಮಕ್ಕೆ ಮುಖ ಮಾಡಿದ ಗೋಪುರದ ತಲೆಯ ಮೇಲೆ ಇನ್ನೂ ಬೆಳಕಿರುತ್ತದೆ. ಜೂನಿನ ಆ ಹೊಂಬೆಳಕು ಮಿರರ್‌ಲೆಸ್‌ನಲ್ಲಿ ಚೆನ್ನಾಗಿ ಬಂತು. ಡಿಸೆಂಬರಿನ ಕತ್ತಲಿಗೆ ಮೊಬೈಲಿನ ರಾತ್ರಿ ಮೋಡ್ ಕಟ್ಟಡವನ್ನು ಕೈಯಲ್ಲಿ ಹಿಡಿದೇ ಅಲುಗದಂತೆ ತೆಗೆದುಕೊಟ್ಟಿತು, ಆದರೆ ಮುಂದೆ ನಡೆದುಹೋದವರೆಲ್ಲ ದೆವ್ವಗಳಾದರು. ಖಾಲಿ ಬೀದಿಯಾದರೆ ಮೊಬೈಲೇ ಸರಿ.

ಮೊಬೈಲಿಗೆ ಇನ್ನೊಂದು ಅನುಕೂಲವನ್ನೂ ಒಪ್ಪಿಕೊಳ್ಳಬೇಕು. ಬೀದಿಯಲ್ಲಿ ನಿಂತು ಕಟ್ಟಡದ ಫೋಟೊ ತೆಗೆಯಲು ಬ್ರಿಟನ್ನಿನಲ್ಲಿ ಯಾರ ಅಪ್ಪಣೆಯೂ ಬೇಡ. ಕಾಲೇಜಿನ ಬಾಗಿಲು ದಾಟಿದರೆ ಅದು ಅವರ ಜಾಗ, ಅವರ ಕಟ್ಟಳೆ. ಒಂದು ಕಾಲೇಜಿನ ಬಾಗಿಲು ಕಾಯುವ ಪೋರ್ಟರ್ ನನ್ನ ಫಿಲ್ಮ್ ಕ್ಯಾಮೆರಾವನ್ನು ಕಂಡು, ವೃತ್ತಿಯವರೇ, ಪತ್ರಿಕೆಯವರೇ ಎಂದು ಹತ್ತು ನಿಮಿಷ ವಿಚಾರಿಸಿದರು. ನನ್ನ ಹಿಂದೆ ಬಂದ ಇಪ್ಪತ್ತು ಮಂದಿ ಮೊಬೈಲು ಎತ್ತಿ ಹಿಡಿದುಕೊಂಡೇ ಒಳಗೆ ಹೋದರು. ಮಳೆಯಲ್ಲಿ ಮಾತ್ರ ಮೊಬೈಲು ಕೈಕೊಡುತ್ತದೆ. ತೆರೆಯ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಬೆರಳು ಎಲ್ಲಿದೆಯೆಂದು ಅದಕ್ಕೆ ತಿಳಿಯುವುದಿಲ್ಲ. ಅಲ್ಲಿ ಆ ನಾಲ್ಕು ಹನಿ ಬೀಳದ ದಿನ ಅಪರೂಪ.

ಫಿಲ್ಮಿನ ಬಗ್ಗೆ ಎಚ್ಚರಿಕೆಯೊಂದಿದೆ, ತಪ್ಪು ಪೂರ್ತಿ ನನ್ನದು. ಮೇ ತಿಂಗಳ ಒಂದನೆಯ ತಾರೀಖು ಬೆಳಗ್ಗೆ ಆರಕ್ಕೆ ಮಾಡ್ಲಿನ್ ಗೋಪುರದ ಮೇಲಿನಿಂದ ಹಾಡುವ ಗಾಯನ ವೃಂದಕ್ಕಾಗಿ ಊರಿಗೆ ಊರೇ ಸೇತುವೆಯ ಮೇಲೆ ಸೇರುತ್ತದೆ. ನಾಲ್ಕೂವರೆಗೆ ಎದ್ದು ಹೋಗಿ 36 ಚಿತ್ರ ತೆಗೆದೆ. 37, 38 ಎಂದು ಲೆಕ್ಕ ಮುಂದುವರಿದಾಗಲೇ ಅನುಮಾನ ಬರಬೇಕಿತ್ತು. ರೀಲಿನ ತುದಿ ಸುರುಳಿಗೆ ಸಿಕ್ಕಿಕೊಂಡಿರಲೇ ಇಲ್ಲ. ಹೊಸ ರೀಲು ಹಾಕಿ ಸನ್ನೆ ಎಳೆದಾಗ ಎಡಗಡೆಯ ರೀವೈಂಡ್ ಗುಂಡಿ ತಾನಾಗಿ ತಿರುಗುತ್ತಿದೆಯೇ ಎಂದು ಈಗ ಎರಡು ಸಲ ನೋಡುತ್ತೇನೆ. ಆ ಬೆಳಗಿನದೆಂದು ನನ್ನಲ್ಲಿರುವುದು ಹೆಂಡತಿ ತನ್ನ ಮೊಬೈಲಿನಲ್ಲಿ ತೆಗೆದ ಒಂದೇ ಚಿತ್ರ. ಗೋಪುರ ಹಿಂದಕ್ಕೆ ವಾಲಿದೆ, ಆಕಾಶ ಅತಿ ನೀಲಿ. ಕೆಳಗೆ ಮೂಲೆಯಲ್ಲಿ ನಾನು ಖಾಲಿ ಕ್ಯಾಮೆರಾಕ್ಕೆ ಕಣ್ಣು ಕೀಲಿಸಿ, ಉಸಿರು ಬಿಗಿಹಿಡಿದು ನಿಂತಿದ್ದೇನೆ.