ಟಕ್ಸ್ ಪೇಂಟ್: ಮೂರನೇ ವಯಸ್ಸಿನಿಂದ ಒಂದನೇ ಕ್ಲಾಸಿನವರೆಗೆ

ಪುಟ್ಟ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಏನು ಹಾಕಿಕೊಡಲಿ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಟಕ್ಸ್ ಪೇಂಟ್. ಮಗಳಿಗೆ ಮೂರು ತುಂಬಿದ ಮೇಲೆ ಹಳೇ ಲ್ಯಾಪ್‌ಟಾಪಿಗೆ ಹಾಕಿದ್ದು. ಈಗ ಒಂದನೇ ಕ್ಲಾಸು, ಇನ್ನೂ ಬಿಟ್ಟಿಲ್ಲ.

ಇದು ಚಿತ್ರ ಬಿಡಿಸುವ ತಂತ್ರಾಂಶ. ಬಿಲ್ ಕೆಂಡ್ರಿಕ್ ಎಂಬುವವರು 2002ರಲ್ಲಿ ಶುರು ಮಾಡಿದರು. 3ರಿಂದ 12 ವರ್ಷದ ಮಕ್ಕಳಿಗೆ ಅಂತಲೇ ಇರುವಂಥದ್ದು. ದುಡ್ಡು ಕೊಡಬೇಕಿಲ್ಲ, ಜಾಹೀರಾತಿಲ್ಲ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ಟೂ ಬೇಡ. ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತದೆ.

ಓದಲು ಬಾರದ ಮಗುವೂ ಒಬ್ಬಳೇ ಬಳಸಬಹುದು. ಚಿತ್ರ ಉಳಿಸುವಾಗ ಹೆಸರು ಕೇಳುವುದಿಲ್ಲ. ಮತ್ತೆ ತೆರೆಯುವಾಗ ಹಳೇ ಚಿತ್ರಗಳೇ ಚಿಕ್ಕದಾಗಿ ಸಾಲಾಗಿ ಕಾಣುತ್ತವೆ, ಬೇಕಾದ್ದನ್ನು ಒತ್ತಿದರೆ ಸಾಕು. ಕಾಮನಬಿಲ್ಲಿನ ಗೆರೆ, ಇಟ್ಟಿಗೆ ಗೋಡೆ, ಹುಲ್ಲು ಇವೆಲ್ಲ ಬ್ರಷ್ ಎಳೆದ ಹಾಗೆ ಮೂಡುತ್ತವೆ. ತಪ್ಪಾದರೆ ಒಂದು ಹೆಜ್ಜೆ ಹಿಂದೆ ಹೋಗುವ ಬಟನ್ ಇದೆ. ಅದು ಗೊತ್ತಾದ ಮೇಲೆ ಇವಳ ಕೈ ಧೈರ್ಯವಾಗಿ ಓಡತೊಡಗಿತು.

ನನಗೆ ತುಂಬಾ ಹಿಡಿಸಿದ್ದು ಬೇರೆಯೇ. ಇದರಲ್ಲಿ ಅಂಕ ಇಲ್ಲ, ನಕ್ಷತ್ರ ಇಲ್ಲ, ಮುಂದಿನ ಹಂತ ಇಲ್ಲ. ತಾನಾಗೇ ಶುರುವಾಗುವ ಇನ್ನೊಂದು ವಿಡಿಯೋ ಇಲ್ಲ. ಫೋನಿನಲ್ಲಿ ಕಾರ್ಟೂನ್ ಹಾಕಿದರೆ ನಿಲ್ಲಿಸುವಾಗ ದಿನಾ ಅಳು. ಇಲ್ಲಿ ಚಿತ್ರ ಮುಗಿದರೆ ಕೆಲಸ ಮುಗಿಯಿತು. "ಅಮ್ಮಾ, ನೋಡ್ ಬಾ" ಅಂತ ಕರೆಯುತ್ತಾಳೆ, ಮನೆ ಯಾರದು, ಆನೆ ಯಾಕೆ ನೀಲಿ ಅಂತ ಕಥೆ ಹೇಳುತ್ತಾಳೆ, ಎದ್ದು ಹೋಗುತ್ತಾಳೆ. ಪರದೆ ಮಗುವನ್ನು ಹಿಡಿದಿಟ್ಟುಕೊಳ್ಳಬಾರದು, ಅಲ್ವಾ? ಕಲಿಕೆಯ ಆ್ಯಪ್ ಅಂತ ಹೆಸರಿಟ್ಟುಕೊಂಡ ಎಷ್ಟೋ ಆ್ಯಪ್‌ಗಳು ಮಾಡುವುದು ಅದನ್ನೇ. ನನಗೆ ಅದರ ಮೇಲೆ ನಿಜವಾಗಿ ಸಿಟ್ಟಿದೆ.

ಶುರುವಿನಲ್ಲಿ ಮೌಸ್ ಕಷ್ಟ. ಒತ್ತಿ ಹಿಡಿದು ಎಳೆಯುವುದು ಮೂರು ವರ್ಷದ ಬೆರಳಿಗೆ ಸುಲಭವಲ್ಲ. ಇದಕ್ಕೆ ಜಿಕಾಂಪ್ರಿ ಅನ್ನುವ ಇನ್ನೊಂದು ಉಚಿತ ತಂತ್ರಾಂಶ ನೆರವಾಯಿತು. ಅದರಲ್ಲಿ ಮೌಸ್ ಆಡಿಸಿದಂತೆಲ್ಲ ಮೇಲಿನ ಚೌಕಗಳು ಅಳಿಸಿ, ಅಡಿಯ ಚಿತ್ರ ಕಾಣುವ ಆಟವಿದೆ. ಕೈ ಪಳಗಲು ಅಷ್ಟು ಸಾಕು.

ಟಕ್ಸ್ ಪೇಂಟ್ ಕಾನ್ಫಿಗ್ ಅನ್ನುವ ಸೆಟ್ಟಿಂಗ್ ಪ್ರೋಗ್ರಾಂ ಬೇರೆ ಇದೆ. ಅದರಲ್ಲಿ ಪೂರ್ತಿ ಪರದೆ ಆನ್ ಮಾಡಿ, ಪ್ರಿಂಟ್ ಬಟನ್ ಆಫ್ ಮಾಡಿ. ಚಿತ್ರ ಬಿಡಿಸುವಾಗ ಥರಾವರಿ ಸದ್ದು ಬರುತ್ತದೆ. ಮಗುವಿಗೆ ಖುಷಿ, ಪಕ್ಕದಲ್ಲಿ ಕೂತವರಿಗೆ ಜಾಸ್ತಿಯೇ ಆಗುತ್ತದೆ. ಅದನ್ನೂ ಅಲ್ಲೇ ನಿಲ್ಲಿಸಬಹುದು.

ಕೊರತೆಗಳೂ ಇವೆ. ಕನ್ನಡ ಆರಿಸಿಕೊಳ್ಳಬಹುದು, ಆದರೆ ಎಲ್ಲ ಪದಗಳೂ ಕನ್ನಡಕ್ಕೆ ಬಂದಿಲ್ಲ. ಅಕ್ಷರ ಕಲಿಯುತ್ತಿರುವ ಮಗುವಿಗೆ ಪೂರ್ತಿ ಕನ್ನಡದಲ್ಲೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಬಲ್ಲವರು ಅನುವಾದಕ್ಕೆ ಕೈ ಜೋಡಿಸಬಹುದು, ಅದಕ್ಕೆ ಅವಕಾಶ ತೆರೆದೇ ಇದೆ. ಪ್ರಾಣಿ, ಹಣ್ಣುಗಳ ಅಚ್ಚುಗಳನ್ನು (ಸ್ಟಾಂಪ್) ಬೇರೆಯಾಗಿ ಡೌನ್‌ಲೋಡ್ ಮಾಡಬೇಕು. ತಪ್ಪದೆ ಮಾಡಿ, ಸಣ್ಣವರಿಗೆ ಅದೇ ದೊಡ್ಡ ಆಕರ್ಷಣೆ.

ಭಾರತೀಯ ಮಕ್ಕಳ ವೈದ್ಯರ ಸಂಘ ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ ಅನ್ನುತ್ತದೆ. ನಮ್ಮಲ್ಲಿ ಅರ್ಧ ಗಂಟೆ, ಅದೂ ದೊಡ್ಡವರು ಯಾರಾದರೂ ಪಕ್ಕದಲ್ಲಿದ್ದಾಗ. ಬಣ್ಣದ ಪೆನ್ಸಿಲ್, ಕಾಗದ ಮೊದಲಿನಂತೆ ಮೇಜಿನ ಮೇಲೇ ಇವೆ. ಎರಡು ತುಂಬದ ಮಗುವಿಗೆ ಮಾತ್ರ ಇದನ್ನೂ ಕೊಡಬೇಡಿ.