ಹಳೇ ನಾಣ್ಯದ ರೇಟು: ಕ್ಯಾಟಲಾಗ್, ಇಬೇ, ಹರಾಜು ಕಂಪನಿ, ವಾಟ್ಸಾಪ್ ಗ್ರೂಪ್, ಯಾವ್ದನ್ನ ನಂಬೋದು?

ಟಿಪ್ಪು ಕಾಲದ ಆನೆ ಪೈಸೆ ಒಂದು, ವಿಕ್ಟೋರಿಯಾ ರಾಣಿ 1840ರ ಬೆಳ್ಳಿ ರುಪಾಯಿ ಒಂದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ 20 ಕಾಸಿನ ತಾಮ್ರದ ನಾಣ್ಯ ಒಂದು. ಈ ಮೂರನ್ನೇ ಇಟ್ಕೊಂಡು ಆನ್‌ಲೈನ್ ಹರಾಜಲ್ಲಿ ಬಿಡ್ ಮಾಡೋಕೆ ಮುಂಚೆ ಜನ ರೇಟು ನೋಡೋ ನಾಲ್ಕು ಜಾಗಗಳನ್ನ ನಾನೇ ಪಕ್ಕಪಕ್ಕ ಇಟ್ಟು ನೋಡಿದೆ. ನಾಲ್ಕೂ ಕಡೆ ನಾಲ್ಕು ಥರ ಬಂತು, ಅದೇನು ಆಶ್ಚರ್ಯ ಇಲ್ಲ ಬಿಡಿ, ಆದ್ರೆ ಯಾವ ನಾಣ್ಯಕ್ಕೆ ಯಾವ್ದು ಹತ್ರ ಬರತ್ತೆ ಅನ್ನೋದ್ರಲ್ಲಿ ಒಂದು ಲೆಕ್ಕ ಇದೆ.

ಮೊದಲು ಕ್ಯಾಟಲಾಗ್, ಅಂದ್ರೆ ನಾಣ್ಯಗಳ ಪಟ್ಟಿ ಪುಸ್ತಕ. ಕ್ರೌಸ್ ಕ್ಯಾಟಲಾಗ್‌ನ ಕೆಎಂ ನಂಬರ್, ಅಂದ್ರೆ ಒಂದೊಂದು ಥರದ ನಾಣ್ಯಕ್ಕೂ ಕೊಟ್ಟಿರೋ ಗುರುತಿನ ಸಂಖ್ಯೆ, ನಾಣ್ಯ ಕೂಡಿಸೋರಿಗೆಲ್ಲ ಗೊತ್ತು, 1840ರ ರುಪಾಯಿಗೆ ಅದ್ರಲ್ಲಿ ಎರಡು ನಂಬರ್ ಇದೆ, ರಾಣಿ ತಲೆ ಮೇಲೆ ಅಕ್ಷರ ಒಂದೇ ಸಾಲಾಗಿ ಸುತ್ತಿದ್ರೆ 457, ಅಕ್ಷರ ತಲೆಯ ಎಡಕ್ಕೆ ಬಲಕ್ಕೆ ಎರಡು ಭಾಗ ಆಗಿದ್ರೆ 458. ಗುರುತಿಸೋಕೆ ಇದಕ್ಕಿಂತ ಒಳ್ಳೇದು ಇಲ್ಲ. ಬೆಲೆಗೆ ಮಾತ್ರ ನಾನು ನೋಡೋದೇ ಬಿಟ್ಟೆ. ಅದು ಡಾಲರ್ ಲೆಕ್ಕ, ಅಮೆರಿಕದ ಅಂಗಡಿಯವನು ಗಿರಾಕಿಗೆ ಹೇಳೋ ರೇಟು, ಅದೂ ಅಚ್ಚಾದ ವರ್ಷದ್ದು. ನಮ್ಮಲ್ಲಿ ಮಾರೋರು ಅದ್ರ ಕೊನೇ ಕಾಲಂ ಅಂದ್ರೆ ಸವೆಯದೇ ಇರೋ ನಾಣ್ಯದ ಬೆಲೆ ತೋರಿಸಿ ಸವೆದು ನುಣ್ಣಗಾಗಿರೋದನ್ನ ಮಾರ್ತಾರೆ. ಇನ್ನೊಂದು ವಿಷ್ಯ, 1840 ಅಂತ ಇದ್ದ ತಕ್ಷಣ ಆ ವರ್ಷದ್ದೇ ಅಂತ ಅಲ್ಲ, ಅದೇ ವರ್ಷ ಹಾಕ್ಕೊಂಡು ಎಷ್ಟೋ ವರ್ಷ ಕೋಟಿಗಟ್ಟಲೆ ಟಂಕಿಸಿದ್ರು, 1862ರದ್ದೂ ಹಂಗೇ, 1874ರ ತನಕ ಅದೇ ತಾರೀಖು. ಹಾಗಾಗಿ ‘180 ವರ್ಷ ಹಳೇದು, ವೆರಿ ರೇರ್’ ಅನ್ನೋ ಸಾಲು ಓದಿದ್ರೆ ಮುಂದಕ್ಕೆ ಹೋಗ್ತಾ ಇರಿ.

ಎರಡನೇದು ಇಬೇ ಅನ್ನೋ ಆನ್‌ಲೈನ್ ಮಾರಾಟದ ಸೈಟು. ಅಲ್ಲಿ ಎಲ್ರೂ ನೋಡೋದು ಮಾರೋರು ಕೇಳ್ತಿರೋ ಬೆಲೆ, ಅದು ಏನಕ್ಕೂ ಬರಲ್ಲ. ಸೋಲ್ಡ್ ಅಂತ ಫಿಲ್ಟರ್ ಹಾಕಿ, ಮಾರಾಟ ಆಗಿದ್ದು ಮಾತ್ರ ಬರತ್ತೆ. ಅದ್ರಲ್ಲೂ ಬೆಲೆ ಮೇಲೆ ಗೆರೆ ಎಳೆದು ಬೆಸ್ಟ್ ಆಫರ್ ಅಂತ ಇದ್ರೆ ನಿಜವಾಗ್ಲೂ ಕೊಟ್ಟಿದ್ದು ಅದಕ್ಕಿಂತ ಕಮ್ಮಿ, ಎಷ್ಟು ಕಮ್ಮಿ ಅಂತ ಅಲ್ಲಿ ಕಾಣಲ್ಲ. ಹರಾಜಲ್ಲಿ ಹೋಗಿದ್ದಾದ್ರೆ ಕಾಣೋ ಬೆಲೆ ಗೆದ್ದೋನ ಮಿತಿ ಅಲ್ಲ, ಎರಡನೇಯವನು ನಿಲ್ಲಿಸಿದ ಜಾಗಕ್ಕೆ ಒಂದು ಮೆಟ್ಟಿಲು ಮೇಲೆ ಅಷ್ಟೇ, ಗೆದ್ದೋನು ಮೂರು ಪಟ್ಟು ಹಾಕಿಟ್ಟಿದ್ರೂ ಗೊತ್ತಾಗಲ್ಲ. ನನ್ನ 20 ಕಾಸಿಗೆ ಇಬೇ ಚೆನ್ನಾಗಿ ಕೆಲಸ ಮಾಡ್ತು, ಯಾಕಂದ್ರೆ ಸಿಂಹದ ಚಿತ್ರ ಇರೋ ಈ ನಾಣ್ಯನ ಇಂಗ್ಲೆಂಡಿನ ಮಾರಾಟಗಾರರು ಸುಮ್ನೆ ‘ಇಂಡಿಯನ್ ಸ್ಟೇಟ್ಸ್ ಕಾಪರ್’ ಅಂತ ಹಾಕಿರ್ತಾರೆ, ಮೇಲಿರೋ ಕನ್ನಡ ಅಕ್ಷರ ಓದೋಕೆ ಬರೋ ನಮಗೆ ಅದು ಲಾಭ. ಆದ್ರೆ ಆ ಬೆಲೆನ ಇಲ್ಲಿಗೆ ಹಂಗೇ ತರೋಕಾಗಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ 100 ವರ್ಷ ದಾಟಿದ ನಾಣ್ಯನ ಇಲ್ಲಿಂದ ಹೊರಗೆ ಕಳಿಸೋ ಹಾಗಿಲ್ಲ, ಅಲ್ಲಿಂದ ತರಿಸಿದ್ರೆ ಅಂಚೆ ಖರ್ಚು, ಕಸ್ಟಮ್ಸು. ಹಾಗಾಗಿ ಲಂಡನ್ನಿನ ಮಾರ್ಕೆಟ್ಟೇ ಬೇರೆ, ಇಲ್ಲಿಂದೇ ಬೇರೆ.

ಮೂರನೇದು ನಮ್ಮ ಹರಾಜು ಕಂಪನಿಗಳು, ಮುಂಬೈ, ಅಹಮದಾಬಾದ್, ನಮ್ಮ ಬೆಂಗಳೂರು. ಹಳೇ ಹರಾಜಿನ ಕ್ಯಾಟಲಾಗು, ಯಾವ ಲಾಟ್ ಎಷ್ಟಕ್ಕೆ ಹೋಯ್ತು ಅನ್ನೋ ಪಟ್ಟಿ ಆನ್‌ಲೈನಲ್ಲೇ ಸಿಗತ್ತೆ. ಆನೆ ಪೈಸೆಗೆ ಇದೇ ಸರಿ, ಅನುಮಾನನೇ ಇಲ್ಲ. ಯಾಕೆ ಅಂದ್ರೆ ಟಿಪ್ಪು ತಾಮ್ರದ ಬೆಲೆ ಇರೋದು ಆನೆಲಲ್ಲ, ಹಿಂದುಗಡೆ ಪರ್ಷಿಯನ್ನಲ್ಲಿ ಬರೆದಿರೋ ಟಂಕಸಾಲೆ ಹೆಸರಲ್ಲಿ. ಪಟ್ಟಣ್ ಅಂದ್ರೆ ಶ್ರೀರಂಗಪಟ್ಟಣ, ಅದು ರಾಶಿ ರಾಶಿ ಸಿಗತ್ತೆ, ನಗರ್ ಅಂದ್ರೆ ಬಿದನೂರಿಂದೂ ಹಂಗೇ. ಚಿತ್ರದುರ್ಗದ್ದು ಫರ್ರುಖ್‌ಯಾಬ್ ಹಿಸಾರ್, ಮೈಸೂರಿಂದು ನಜರ್‌ಬಾರ್, ಇವೆಲ್ಲ ಕಮ್ಮಿ ಕಾಣಸಿಗೋದು, ಬೆಲೆನೂ ಹಂಗೇ ಏರತ್ತೆ. ಜೊತೆಗೆ ಟಿಪ್ಪು ಮೌಲೂದಿ ಶಕೆ ಅನ್ನೋ ತನ್ನದೇ ವರ್ಷದ ಲೆಕ್ಕ ತಂದಮೇಲೆ ಅಂಕಿಗಳನ್ನ ಬಲದಿಂದ ಎಡಕ್ಕೆ ಹಾಕಿಸ್ದ, ಅದು ಗೊತ್ತಿಲ್ದೆ ಇರೋರು ವರ್ಷನೇ ತಪ್ಪಾಗಿ ಬರೆದು ಮಾರ್ತಾರೆ. ವಾಟ್ಸಾಪ್ ಗ್ರೂಪಲ್ಲಿ ಇವೆಲ್ಲ ಯಾರೂ ನೋಡಲ್ಲ, ‘ಟಿಪ್ಪು ಎಲಿಫೆಂಟ್’ ಅಂತ ಒಂದೇ ರೇಟು. ಹರಾಜು ಕಂಪನಿಯವರು ಟಂಕಸಾಲೆ, ವರ್ಷ, ತೂಕ ಬರೆದು ದೊಡ್ಡ ಫೋಟೋ ಹಾಕಿರ್ತಾರೆ, ನಮ್ಮ ನಾಣ್ಯದ ಜೊತೆ ಸಾಲು ಸಾಲಾಗಿ ಹೋಲಿಸಬಹುದು.

ಆದ್ರೆ ಆ ಪಟ್ಟಿ ಓದೋಕೂ ಒಂದು ಅಭ್ಯಾಸ ಬೇಕು. ಪಟ್ಟಿಲಿರೋದು ಬರೀ ಹ್ಯಾಮರ್ ಬೆಲೆನೋ, ಅಂದ್ರೆ ಕೂಗು ನಿಂತ ಬೆಲೆನೋ, ಕಂಪನಿ ಕಮಿಷನ್ ಸೇರಿಸಿದ್ದೋ ಮೊದಲು ನೋಡ್ಕೊಳ್ಳಿ. ಹ್ಯಾಮರ್ 10,000 ಅಂತಿಟ್ಕೊಳ್ಳಿ, ಕಮಿಷನ್ 15% ಅಂದ್ರೆ 1,500, ಅದರ ಮೇಲೆ ಜಿಎಸ್‌ಟಿ, ಆಮೇಲೆ ಕೊರಿಯರ್ರು, ಕೈಗೆ ಬರೋ ಹೊತ್ತಿಗೆ 12,000 ಹತ್ರ. ಅದೇ ನಾಣ್ಯ ಕೊಟ್ಟೋನಿಗೆ ಅವನ ಪಾಲಿನ ಕಮಿಷನ್ ಕಳೆದು 10,000ಕ್ಕಿಂತ ಕಮ್ಮಿ ಸಿಕ್ಕಿರತ್ತೆ. ಹಾಗಾದ್ರೆ ನಾಣ್ಯದ ಬೆಲೆ ಎಷ್ಟು? ಕೊಳ್ಳೋನಿಗೆ ಒಂದು, ಮಾರೋನಿಗೆ ಇನ್ನೊಂದು. ಮಾರಾಟ ಆಗದೇ ಉಳಿದ ಲಾಟುಗಳನ್ನ ಇನ್ನೂ ಗಮನ ಇಟ್ಟು ನೋಡ್ತೀನಿ ನಾನು, ಶುರುವಿನ ಬೆಲೆಗೂ ಯಾರೂ ಕೈ ಎತ್ತಿಲ್ಲ ಅಂದ್ರೆ ಅದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಾ?

ವಾಟ್ಸಾಪ್, ಫೇಸ್‌ಬುಕ್ ಗ್ರೂಪಿನ ಹರಾಜು ಬೇರೆ ಲೋಕ. ರಾತ್ರಿ 9ಕ್ಕೆ ಕ್ಲೋಸ್, ಕೊರಿಯರ್ ಎಕ್ಸ್‌ಟ್ರಾ, ಬಿಡ್ ವಾಪಸ್ ತಗೊಳ್ಳೋ ಹಾಗಿಲ್ಲ. ಸಾಮಾನ್ಯ ಬೆಳ್ಳಿ ರುಪಾಯಿಗೆ ಇದು ಎಲ್ಲಕ್ಕಿಂತ ಹತ್ರದ ರೇಟು ಕೊಡತ್ತೆ, ಕಮಿಷನ್ ಇಲ್ಲ, ಜನ ದಿನಾ ಕೊಂಡು ಮಾರ್ತಿರ್ತಾರೆ. ತಳದ ರೇಟು ನೀವೇ ಹಾಕಿ: 11.66 ಗ್ರಾಂ ತೂಕ, 91.7% ಬೆಳ್ಳಿ, ಅಂದ್ರೆ ಸುಮಾರು 10.7 ಗ್ರಾಂ ಬೆಳ್ಳಿ, ಅವತ್ತಿನ ಬೆಳ್ಳಿ ರೇಟಿಂದ ಗುಣಿಸಿ. 1840ರ ರುಪಾಯಿ ಸವೆದಿದ್ರೆ ಅದಕ್ಕಿಂತ ಸ್ವಲ್ಪ ಮೇಲೆ ಓಡತ್ತೆ ಅಷ್ಟೇ. 1940ರಿಂದ 1945ರ ತನಕದ ಆರನೇ ಜಾರ್ಜ್ ರುಪಾಯಿಲಿ ಬೆಳ್ಳಿ ಅರ್ಧನೇ, ಅದಕ್ಕೆ ಇದೇ ಲೆಕ್ಕ ಹಾಕ್ಬೇಡಿ. ದಾಖಲೆ ಇರಲ್ಲ ಅನ್ನೋದು ಇಲ್ಲಿನ ತೊಂದ್ರೆ. ಒಂದು ಗ್ರೂಪಲ್ಲಿ ಅಂಚಲ್ಲಿ ಅದೇ ಗೀರು ಇರೋ ನಾಣ್ಯ ಹರಾಜಲ್ಲಿ ‘ಹೋಗಿ’ ಸ್ವಲ್ಪ ದಿನ ಬಿಟ್ಟು ಮತ್ತೆ ಅದೇ ಮಾರಾಟಗಾರನ ಹತ್ರ ಬಂತು, ಬಿಡ್ ಏರಿಸಿದೋರು ಅವನ ಕಡೆಯವರೇ ಅಂತ ಅನ್ಸತ್ತೆ, ನೀವು ಬೇಕಿದ್ರೆ ಬೇರೆ ಥರ ಅರ್ಥ ಮಾಡ್ಕೊಳ್ಳಿ. ಅವತ್ತಿಂದ ಗೆದ್ದ ಬೆಲೆ ಜೊತೆ ಬಿಡ್ ಹಾಕಿದೋರ ಹೆಸರಿನ ಸ್ಕ್ರೀನ್‌ಶಾಟೂ ಇಟ್ಕೊಳ್ತೀನಿ.

ಹನುಮಂತ, ರಾಮ ಪಟ್ಟಾಭಿಷೇಕ ಇರೋ ‘ಈಸ್ಟ್ ಇಂಡಿಯಾ ಕಂಪನಿ 1818’ ನಾಣ್ಯಗಳನ್ನ ಈ ಹೋಲಿಕೆಗೇ ಸೇರಿಸಿಲ್ಲ, ಕಂಪನಿ ಅಂಥದ್ದು ಟಂಕಿಸೇ ಇಲ್ಲ. ವೈಷ್ಣೋದೇವಿ 5 ರುಪಾಯಿಗೆ ಲಕ್ಷ ಕೊಡ್ತೀವಿ ಅನ್ನೋ ಜಾಹೀರಾತೂ ಅಷ್ಟೇ, ತನ್ನ ಹೆಸರು ಹೇಳ್ಕೊಂಡು ಹಳೇ ನೋಟು ನಾಣ್ಯಕ್ಕೆ ಕಮಿಷನ್ ಕೇಳೋರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿತ್ತು.

ಎನ್‌ಜಿಸಿ, ಪಿಸಿಜಿಎಸ್ ಅನ್ನೋ ಕಂಪನಿಗಳು ಪರೀಕ್ಷೆ ಮಾಡಿ ಡಬ್ಬಿಲಿ ಹಾಕಿ ಮುಚ್ಚಿದ ನಾಣ್ಯದ ಬಗ್ಗೆ ಕೇಳ್ತೀರ ಅಂತ ಗೊತ್ತು. 1ರಿಂದ 70ರ ತನಕ ಅಂಕ ಕೊಡ್ತಾರೆ, ಡಬ್ಬಿ ಇದ್ರೆ ಮಾರಾಟದ ರೇಟು ಮೇಲಕ್ಕೆ ಹೋಗತ್ತೆ, ಆದ್ರೆ ಲೇಬಲ್ಲಲ್ಲಿ ಡೀಟೇಲ್ಸ್ ಅಂತ ಒಂದು ಪದ ಇದ್ರೆ ಕಥೆ ಬೇರೆ, ತಿಕ್ಕಿ ತೊಳೆದಿದಾರೆ ಇಲ್ಲಾ ಕೊಂಡಿ ಬೆಸೆದಿದ್ರು ಅಂತ. ನಮ್ಮ ಕಡೆ ರುಪಾಯಿಗಳನ್ನ ಸರಕ್ಕೆ ಹಾಕ್ಕೊಳ್ತಿದ್ದಿದ್ರಿಂದ ಇದು ಜಾಸ್ತಿ, ಕೊಂಡಿ ತೆಗೆದು ಉಜ್ಜಿದ್ರೂ ಮೇಲ್ಗಡೆ ಅಂಚಲ್ಲಿ ಬೆಸುಗೆ ಗುರುತು ಉಳಿಯತ್ತೆ. ಹಾಗಾಗಿ ಮಾರೋರತ್ರ ರಾಣಿ ಮುಖದ ಫೋಟೋ ಇನ್ನೊಂದು ಕೇಳೋ ಬದಲು ಅಂಚಿನ ಫೋಟೋ ಕೇಳಿ, ಕಳಿಸಲ್ಲ ಅಂದ್ರೆ ನಾನಂತೂ ಬೆಳ್ಳಿ ರೇಟಿಗಿಂತ ಒಂದು ರುಪಾಯಿ ಜಾಸ್ತಿ ಹಾಕಲ್ಲ.